ನಗುತ್ತಿದ್ದವನ ಕಣ್ಣು ತೆರೆಸಿದೆ

ನಾನು ಫೋಟೋ ತಿದ್ದುವವನಾಗಿದ್ದೆ. ತೆಗೆಯುವವನು ಬೇರೆ, ತಿದ್ದುವವನು ಬೇರೆ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈಗ ಎರಡೂ ಕೆಲಸವನ್ನು ಜೇಬಿನಲ್ಲಿರುವ ಫೋನೇ ಮಾಡಿ ಮುಗಿಸುತ್ತದೆ. ಘಟಪ್ರಭಾದ ಸ್ಟೇಶನ್ ರಸ್ತೆಯ ಒಂದು ಸ್ಟುಡಿಯೋದಲ್ಲಿ, ಹಿಂದಿನ ಕೋಣೆಯೊಳಗೆ ಬಗ್ಗಿ ಕೂತು, ಮೂವತ್ತೆಂಟು ವರ್ಷ ಮಂದಿಯ ಮುಖ ತಿದ್ದಿದೆ. ಕತ್ತು ಈಗಲೂ ಪೂರ್ತಿ ಮೇಲೇಳುವುದಿಲ್ಲ. ಗೋಕಾಕದಲ್ಲಿ ಹೊಸದಾಗಿ ಸ್ಟುಡಿಯೋ ಹಾಕಿದ ನಾಲ್ಕಾರು ಮಂದಿ ಸೇರಿ "ನಿಮ್ಮ ಅನುಭವ ಬರದು ಕೊಡ್ರಿ ಕಾಕಾರ, ನಮಗ ಉಪಯೋಗ ಆಗತೈತಿ" ಎಂದು ಗಂಟು ಬಿದ್ದಿದ್ದಾರೆ. ಎರಡು ಸಲ ಇಲ್ಲವೆಂದೆ. ಮೂರನೆಯ ಸಲ ಇಲ್ಲವೆನ್ನಲಿಕ್ಕೂ ಬೇಸರವಾಗಿ ಕೂತಿದ್ದೇನೆ. ಉಪಯೋಗ ಆಗುವುದೋ ಬಿಡುವುದೋ ನನಗೆ ಗೊತ್ತಿಲ್ಲ.

ನಮ್ಮ ಮಾಲಕರು ಗಂಗಪ್ಪನವರು. ದಪ್ಪ ಕನ್ನಡಕ, ಸಣ್ಣ ಸಿಟ್ಟು. ಸಿಟ್ಟು ಸಣ್ಣದಾದರೂ ದಿನಕ್ಕೆ ಹತ್ತು ಸಲ ಬರುತ್ತಿತ್ತು. ನಾನು ತಿದ್ದಿದ ಪ್ರತಿ ಫೋಟೋವನ್ನೂ ಬಾಗಿಲಿನ ಬೆಳಕಿಗೆ ಹಿಡಿದು, ಮೂಗಿನ ತುದಿಗೆ ತಂದು ನೋಡುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಹೆಣ್ಣುಮಗಳ ಗಲ್ಲದ ಮೇಲಿನ ಸಿಡುಬಿನ ಕಲೆಗಳನ್ನು ಹಾಗೇ ಬಿಟ್ಟಿದ್ದೆ. ಇದ್ದದ್ದು ಇದ್ದ ಹಾಗೆ ಇರಲಿ ಎಂದು ನನ್ನ ಲೆಕ್ಕ. ಮಾಲಕರು ಫೋಟೋ ಮೇಜಿನ ಮೇಲೆ ಒಗೆದರು.

"ಮಂದಿ ತಮ್ಮ ಮಾರಿ ಇದ್ದಂಗ ಬೇಕು ಅಂತ ಇಲ್ಲಿ ಬರಂಗಿಲ್ಲೋ ಈರಣ್ಣಾ. ಇರಬೇಕಾದಂಗ ಬೇಕು ಅಂತ ಬರ್ತಾರ. ಇದ್ದಂಗ ಇರೂದನ್ನ ನೋಡಾಕ ಮನ್ಯಾಗ ಕನ್ನಡಿ ಇರತೈತಿ."

ಆ ಮಾತನ್ನು ನಾನು ಮೂವತ್ತೆಂಟು ವರ್ಷ ಪಾಲಿಸಿದೆ. ನೆಗೆಟಿವಿನ ಮೇಲೆ ಮೊನಚಾದ ಪೆನ್ಸಿಲ್, ಪ್ರಿಂಟಿನ ಮೇಲೆ ಎರಡೇ ಕೂದಲಿನ ಕುಂಚ, ಕರಿಯದನ್ನು ಬಿಳಿದು ಮಾಡಬೇಕಾದಲ್ಲಿ ಹೆರೆಯಲು ಅರ್ಧ ಬ್ಲೇಡು. ಇಷ್ಟೇ ನನ್ನ ಸಾಮಾನು. ಇಷ್ಟರಲ್ಲೇ ಬೊಚ್ಚು ಬಾಯಿಗೆ ಹಲ್ಲು ಕೂಡಿಸಿದ್ದೇನೆ, ಬೋಳು ತಲೆಗೆ ರುಮಾಲು ಸುತ್ತಿದ್ದೇನೆ, ಅಂಗಿ ಹರಿದವನಿಗೆ ಕರಿ ಕೋಟು ತೊಡಿಸಿದ್ದೇನೆ.

ಫೋಟೋ ತೆಗೆಯುವ ಕೆಲಸಕ್ಕೆ ನನ್ನನ್ನು ಕಳಿಸಿದ್ದು ಒಮ್ಮೆ ಮಾತ್ರ. ಹುಕ್ಕೇರಿಯಲ್ಲಿ ಮದುವೆ, ಫೋಟೋಗ್ರಾಫರನಿಗೆ ಜ್ವರ, ಹೋಗು ಎಂದರು. ಕ್ಯಾಮೆರಾದೊಳಗೆ ರೀಲು ಸುರುಳಿಗೆ ಹಿಡಿದಿಲ್ಲ, ಮುಂದೆ ಸರಿಯುತ್ತಲೇ ಇಲ್ಲ ಎನ್ನುವುದು ನನಗೆ ತಿಳಿಯಲೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಫ್ಲಾಶ್ ಹೊಡೆದೆ, ಮಂದಿ ಸೆಟೆದು ನಿಂತರು, ಒಂದೂ ಚಿತ್ರ ಬೀಳಲಿಲ್ಲ. ಹದಿನೈದು ದಿನ ಬಿಟ್ಟು ಗಂಡು ಹೆಣ್ಣನ್ನು ಸ್ಟುಡಿಯೋಕ್ಕೆ ಕರೆಸಿ, ಮತ್ತೆ ಬಾಸಿಂಗ ಕಟ್ಟಿಸಿ, ನಾವೇ ನಾಲ್ಕು ಮಂದಿ ನಿಂತು ಅಕ್ಕಿಕಾಳು ಹಾಕಿದೆವು. ಮದುಮಗಳಿಗೆ ನಗು ತಡೆಯಲಾಗಲಿಲ್ಲ. ಮಾಲಕರು ಆ ನಗುವನ್ನೂ ನನ್ನಿಂದಲೇ ತಿದ್ದಿಸಿದರು. ತಾಳಿ ಕಟ್ಟುವಾಗ ಹೆಣ್ಣು ಹಲ್ಲು ಬಿಡಬಾರದು ಎಂದು ಅವರ ಮತ.

ನನಗೆ ಹೆಸರು ಬಂದದ್ದು ಮಾತ್ರ ಬೇರೆಯೇ ಕೆಲಸದಿಂದ. ಹೆಸರು ಎಂದರೆ ಬೆಲ್ಲದ ಬಾಗೇವಾಡಿಯಿಂದ ಈಚೆಗೆ ನಾಲ್ಕಾರು ಹಳ್ಳಿಯ ಹೆಸರು, ಅಷ್ಟೇ. ನಮ್ಮ ಕಡೆ ಹಿರಿಯರು ಲಿಂಗೈಕ್ಯರಾದರೆ ಕೂಡ್ರಿಸುತ್ತಾರೆ. ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಮನೆಮಂದಿಯೆಲ್ಲ ಸುತ್ತ ಕೂತು ಒಂದು ಫೋಟೋ ತೆಗೆಸುತ್ತಾರೆ. ಆಗಿನ ಕಾಲದಲ್ಲಿ ಎಷ್ಟೋ ಮಂದಿಗೆ ಜೀವನದ ಮೊದಲ ಫೋಟೋ ಅದೇ, ಕಡೆಯದೂ ಅದೇ. ಹದಿನೈದು ದಿನಕ್ಕೆ ಮಗನೋ ಅಳಿಯನೋ ಆ ಫೋಟೋ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದ. "ಇವರೊಬ್ಬರನ್ನ ದೊಡ್ಡದ ಮಾಡ್ರಿ. ಕಣ್ಣ ತೆರಸ್ರಿ."

ಕಣ್ಣು ತೆರೆಸುವುದು ನನ್ನ ಕೆಲಸ. ಮೊದಮೊದಲು ಮಕ್ಕಳಲ್ಲಿ ಯಾರು ಅವರನ್ನು ಹೋಲುತ್ತಾರೆ ಎಂದು ಕೇಳಿ, ಆ ಮಗನನ್ನು ಎದುರಿಗೆ ಕೂಡ್ರಿಸಿಕೊಂಡು, ಅವನ ಕಣ್ಣು ನೋಡಿ ಬರೆಯುತ್ತಿದ್ದೆ. ಬೆಲ್ಲದ ಬಾಗೇವಾಡಿಯ ಒಬ್ಬ ಮುದುಕಿ ಗಂಡನ ಫೋಟೋ ನೋಡಿ "ಎದ್ದ ಬಂದಾರ ನೋಡಪಾ" ಎಂದು ನನ್ನ ಕೈ ಹಿಡಿದುಕೊಂಡು ಅತ್ತಳು. ನನಗೂ ಅಳು ಬಂದಿತ್ತು. ಆದರೆ ವರ್ಷಗಟ್ಟಲೆ ಅದೇ ಕೆಲಸ ಮಾಡಿದರೆ ಯಾರು ಮಗನನ್ನು ಕೂಡ್ರಿಸಿಕೊಂಡು ನೋಡುತ್ತಾರೆ? ಕೈಗೆ ಒಂದು ಜೋಡಿ ಕಣ್ಣು ರೂಢಿಯಾಯಿತು. ಯಾರೇ ಬರಲಿ ಅದೇ ಕಣ್ಣು. ಹಣೆಗೆ ಮೂರು ಗೆರೆ, ಗಲ್ಲ ನುಣುಪು, ತುಟಿ ಮುಚ್ಚಿದ್ದು, ಕಣ್ಣು ಅಗಲ. ಈ ಭಾಗದ ಅದೆಷ್ಟು ಪಡಸಾಲೆಗಳಲ್ಲಿ ಸಂಬಂಧವೇ ಇಲ್ಲದ ಹಿರಿಯರು ಅಣ್ಣತಮ್ಮಂದಿರ ಹಾಗೆ ಗೋಡೆಯ ಮೇಲಿದ್ದಾರೋ ನಾನು ಎಣಿಸಿಲ್ಲ. ಯಾರೂ ತಕರಾರು ಮಾಡಲಿಲ್ಲ.

ಈಗ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಮುಚ್ಚಿದ ಕಣ್ಣು ತಾನೇ ತೆರೆಯುತ್ತದಂತೆ. ಮೊನ್ನೆ ಈ ಗೋಕಾಕದ ಹುಡುಗರೇ ತೋರಿಸಿದರು. ಚಲೋ ತೆರೆಯಿತು. ಯಾರ ಕಣ್ಣು ಅದು ಎಂದು ಕೇಳಿದೆ. ನಕ್ಕರು. ಅದಕ್ಕೇ ಇನ್ನು ಮುಂದಿನದನ್ನು ಬರೆಯುತ್ತಿದ್ದೇನೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಆಗ ನನಗೆ ಮೂವತ್ತು ದಾಟಿತ್ತು. ಶ್ರಾವಣದ ಒಂದು ಮಧ್ಯಾಹ್ನ ಮಸಗುಪ್ಪಿಯಿಂದ ಭೀಮಪ್ಪ ಎನ್ನುವವರು ಮಗಳು ನೀಲವ್ವನ ಕೈ ಹಿಡಿದು ಅಂಗಡಿಗೆ ಬಂದರು. ಅರವತ್ತೈದರ ಆಸುಪಾಸು, ಹೆಗಲ ಮೇಲೆ ಕಂಬಳಿ, ಕುರಿ ಸಾಕುವ ಮನೆತನ. ಕಂಬಳಿಯೊಳಗಿಂದ ಬಿಸ್ಕೀಟಿನ ಡಬ್ಬಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಳಗೆ ನಲವತ್ತರಷ್ಟು ಪುಟ್ಟ ಪುಟ್ಟ ಫೋಟೋಗಳು, ಅಂಚು ಹಲ್ಲುಹಲ್ಲಾಗಿ ಕತ್ತರಿಸಿದವು.

"ಅಪ್ಪ ಮಿಲ್ಟ್ರಿಯೊಳಗ ಇದ್ದರಿ, ಬ್ರಿಟಿಶರ ಕಾಲದಾಗ. ಇಟಲಿಗಿ ಹೋಗಿದ್ದಾ. ಅಲ್ಲಿ ತಾನ ತಗದದ್ದರಿ ಇವು," ಎಂದಳು ನೀಲವ್ವ.

ಮಿಲಿಟರಿಯವರ ಫೋಟೋ ನಾನು ಸಾಕಷ್ಟು ನೋಡಿದ್ದೆ. ನಮ್ಮ ಜಿಲ್ಲೆಯಲ್ಲಿ ಪ್ರತಿ ಊರಿಗೆ ಒಬ್ಬಿಬ್ಬರಾದರೂ ಸಿಪಾಯಿಗಳು. ಬಂದೂಕು ಹಿಡಿದು ನಿಂತದ್ದು, ಟ್ಯಾಂಕಿನ ಮೇಲೆ ಕೂತದ್ದು ಇರುತ್ತವೆ ಎಂದುಕೊಂಡು ಡಬ್ಬಿಯೊಳಗೆ ಕೈ ಹಾಕಿದೆ. ಒಂದೂ ಬಂದೂಕು ಸಿಗಲಿಲ್ಲ. ಕಲ್ಲಿನ ತೊಟ್ಟಿಯ ಸುತ್ತ ಬಟ್ಟೆ ಒಗೆಯುವ ಹೆಂಗಸರು, ಬಾಜೂ ಬುಟ್ಟಿಯಲ್ಲಿ ಮಲಗಿದ ಕೂಸು. ಗೋವಿನಜೋಳದ ತೆನೆಗಳನ್ನು ಹೆಣೆದು ಮಾಡಿಗೆ ತೂಗುಹಾಕುತ್ತಿದ್ದ ಮುದುಕಿ. ಸೇತುವೆ ಮುರಿದು ಬಿದ್ದಿದೆ, ಕೆಳಗೆ ಹಲಗೆ ಇಟ್ಟುಕೊಂಡು ಸಾಲಿ ಹುಡುಗರು ಹೊಳೆ ದಾಟುತ್ತಿದ್ದಾರೆ. ಒಂದು ಮನೆಯ ಮುಂದಿನ ಗೋಡೆ ಪೂರ್ತಿ ಕುಸಿದು ಒಳಗಿನ ಮಂಚ ಬೀದಿಗೆ ಕಾಣುತ್ತಿದೆ, ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಒಬ್ಬ ಗಡ್ಡ ಮಾಡಿಸಿಕೊಳ್ಳುತ್ತಿದ್ದಾನೆ. ಉಳಿದ ಅರ್ಧದಷ್ಟು ಬರೀ ಕುರಿಗಳವು. ಕುರಿ ಹಾಲು ಹಿಂಡುವುದು, ಆ ಹಾಲು ಒಡೆಸಿ ಗಟ್ಟಿ ಉಂಡಿ ಮಾಡುವುದು, ಉಣ್ಣೆ ಕತ್ತರಿಸುವಾಗ ಕಾಲು ಕಟ್ಟುವ ರೀತಿ.

"ಕಾಕಾರ, ಲಡಾಯಿದು ಒಂದೂ ಇಲ್ಲಲ್ರಿ?" ಎಂದೆ.

"ಎದಕ್ಕ ಬೇಕು ತಮ್ಮಾ? ಬಂದೂಕ ಎಲ್ಲಾ ಕಡೆ ಒಂದ ಥರಾ ಇರತೈತಿ. ಅಂಥಾದ್ದರಾಗ ಮಂದಿ ಹೆಂಗ ಬಾಳೇ ಮಾಡತಾರ ಅದನ್ನ ನೋಡಬೇಕಿತ್ತು ನನಗ."

ಅವರ ಕೆಲಸ ಹೇಸರಗತ್ತೆಗಳ ಮೇಲೆ ಗುಡ್ಡ ಹತ್ತಿಸಿ ಪಲ್ಟನಿಗೆ ರೇಶನ್ ಮುಟ್ಟಿಸುವುದು. ತಮ್ಮ ಪಾಲಿನ ಸಿಗರೇಟಿನ ಡಬ್ಬಿಗಳನ್ನು ಕೊಟ್ಟು ಯಾರಿಂದಲೋ ಮಡಚುವ ಕ್ಯಾಮೆರಾ ಪಡೆದಿದ್ದರು. ಡಬ್ಬಿಯಿಂದ ಒಂದೊಂದೇ ಫೋಟೋ ತೆಗೆದು, ನೋಡದೆಯೇ, ಇದು ಇಂಥದ್ದು ಎಂದು ಹೇಳುತ್ತ ಹೋದರು. ಒಂದೂ ತಪ್ಪಲಿಲ್ಲ. ನನಗೆ ಸೋಜಿಗವಾಯಿತು.

"ಕಾಣಂಗಿಲ್ಲರಿ ಅವಗ," ಎಂದಳು ನೀಲವ್ವ. "ಯಾವದರ ಹಿಂದ ಯಾವದೈತಿ ಅನ್ನೂದನ್ನ ನೆನಪ ಇಟ್ಟಾನ, ಅಷ್ಟ."

"ಬಲಗಣ್ಣ ಪೂರಾ ಹೋಗೇತಿ," ಎಂದರು ಭೀಮಪ್ಪ. "ಎಡಗಣ್ಣಾಗ ಒಂದೀಟು ಸಂದಿ ಉಳದೈತಿ. ಅದೂ ಮುಚ್ಚತೈತಿ ಅಂತ ಡಾಕ್ಟರ್ ಹೇಳ್ಯಾರ. ಅದು ಮುಚ್ಚೂದರಾಗ ಇವನ ಮಾರಿ ಒಮ್ಮಿ ನೋಡಬೇಕಂತ ಬಂದೇನಿ. ದೊಡ್ಡದ ಮಾಡು. ಎಷ್ಟ ದೊಡ್ಡದ ಆಗತೈತೋ ಅಷ್ಟ."

ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗಿದ್ದ ಫೋಟೋ ತೆಗೆದು ನನ್ನ ಕೈಗಿಟ್ಟರು. ಕಲ್ಲಿನ ಕೊಟ್ಟಿಗೆಯ ಬಾಗಿಲಲ್ಲಿ, ಸುತ್ತ ಹಿಮ ಬಿದ್ದಿರುವಾಗ, ಟೊಪ್ಪಿಗೆ ಹಾಕಿಕೊಂಡ ಒಬ್ಬ ವಯಸ್ಸಾದವನು ಮರಿಯೊಂದನ್ನು ಎದೆಗೆ ಅವಚಿಕೊಂಡು ನಿಂತಿದ್ದಾನೆ. ಮುಖ ಜೋಳದ ಕಾಳಿನಷ್ಟು. ಹೆಸರು ತೋನಿ ಎಂದರು. ಹಿಮ ಬಿದ್ದು ದಾರಿ ಕಟ್ಟಿದ್ದರಿಂದ ಭೀಮಪ್ಪ ತಮ್ಮ ಹೇಸರಗತ್ತೆಗಳೊಂದಿಗೆ ಆ ಕೊಟ್ಟಿಗೆಯಲ್ಲಿ ಹನ್ನೆರಡು ದಿನ ಉಳಿಯಬೇಕಾಯಿತಂತೆ. ಅವನ ಮಾತು ಇವರಿಗೆ ತಿಳಿಯದು, ಇವರದು ಅವನಿಗೆ ತಿಳಿಯದು. ಒಂದು ದಿನ ಕುರಿಯೊಂದಕ್ಕೆ ಮರಿ ಅಡ್ಡ ಸಿಕ್ಕಿ ತಾಯಿಯೂ ಸಾಯುವಂತಾದಾಗ, ಭೀಮಪ್ಪ ಕೈಗೆ ಎಣ್ಣೆ ಸವರಿಕೊಂಡು, ನಮ್ಮ ಕಡೆ ಮಾಡುವ ಹಾಗೆ ಮರಿಯನ್ನು ತಿರುಗಿಸಿ ಹೊರಗೆ ತೆಗೆದರು. ತೆಗೆದ ಮರಿ ಸೀನಿತು. ತೋನಿ ನಕ್ಕ.

"ಎಂಥಾ ನಗಿ ಅಂತಿ ತಮ್ಮಾ! ಅವನ ಮಗ ಲಡಾಯ್ಯಾಗ ಸತ್ತಿದ್ದ, ಕೈಸನ್ನಿ ಮಾಡಿ ಹೇಳಿದ್ದ. ಹಂಗಿದ್ದೂ ನಕ್ಕ. ನಾ ಲಗೂನ ಕ್ಯಾಮೆರಾ ತಂದ ಹೊಡದೆ. ಆಮ್ಯಾಲ ನಾವು ಮುಂದ ಹೋದಿವಿ, ಆ ಊರಮ್ಯಾಲ ತೋಪಿನ ಗುಂಡ ಬಿದ್ದುವು ಅಂತ ಸುದ್ದಿ ಬಂತು. ಅವ ಉಳದನೋ ಇಲ್ಲೋ. ಆ ನಗಿ ಒಮ್ಮಿ ನೋಡಿದರ ಸಾಕು ನನಗ."

ಮರುದಿನ ಆ ಪುಟ್ಟ ಫೋಟೋದಿಂದ ಹೊಸ ನೆಗೆಟಿವ್ ಮಾಡಿಕೊಂಡು ನಮ್ಮಲ್ಲಿದ್ದ ಅತಿ ದೊಡ್ಡ ಹಾಳೆಯ ಮೇಲೆ ಪ್ರಿಂಟ್ ತೆಗೆದೆ. ಮಸುಕಾಗಿದ್ದರೂ ಮುಖ ಚಲೋ ಬಂದಿತ್ತು. ಒಣಗಲು ಹಾಕಿ, ಸಂಜೆ ಮೇಜಿನ ಮೇಲೆ ಇಟ್ಟುಕೊಂಡು ಕುಂಚ ಹಿಡಿದೆ. ಆ ದಿನ ಅದು ಆರನೆಯ ಮುಖವೋ ಏಳನೆಯದೋ. ನನ್ನ ತಲೆ ಎಲ್ಲಿತ್ತೋ ಗೊತ್ತಿಲ್ಲ, ಕೈ ತನ್ನಷ್ಟಕ್ಕೆ ನಡೆಯಿತು. ಗಲ್ಲದ ಸುಕ್ಕು ತೆಗೆಯಿತು. ಮುಂದಿನ ಒಂದು ಹಲ್ಲು ಇರಲಿಲ್ಲ, ತುಟಿ ಮುಚ್ಚಿಸಿತು. ಕಣ್ಣು ಮುಚ್ಚಿದ್ದವು, ತೆರೆಸಿತು. ಹಣೆಗೆ ಮೂರು ಗೆರೆ ಎಳೆಯಲು ಹೋದಾಗ ಟೊಪ್ಪಿಗೆಯ ಅಂಚು ಅಡ್ಡ ಬಂತು. ಆಗ ಎಚ್ಚರವಾಗಿ, ಇವನು ನಮ್ಮವನಲ್ಲ, ಇವನಿಗೆ ವಿಭೂತಿ ಇಲ್ಲ ಎಂದು ಕುಂಚ ಕೆಳಗಿಟ್ಟೆ. ಮಾಲಕರಿಗೆ ಹೇಳಿದೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಪ್ಪೊಂದು ತಪ್ಪಿತು ಎಂದು ಸಮಾಧಾನ. ಅಷ್ಟರೊಳಗೆ ಕೈ ಏನೆಲ್ಲ ಮಾಡಿ ಮುಗಿಸಿತ್ತು ಎನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಎಂಟು ದಿನಕ್ಕೆ ಅಪ್ಪ ಮಗಳು ಬಂದರು. ಗೋಡೆಬದಿಯ ಕಟ್ಟಿಗೆಯ ಬಾಂಕಿನ ಮೇಲೆ ನಾಲ್ಕು ಮಂದಿ ಗಿರಾಕಿಗಳು ಕೂತಿದ್ದರು. ಮಾಲಕರು ತಾವೇ ಕುರ್ಚಿಯನ್ನು ಬಾಗಿಲ ಬೆಳಕಿಗೆ ಹಾಕಿಸಿ, ಫೋಟೋ ಎದುರಿಗೆ ಹಿಡಿದು, "ನಮ್ಮ ಈರಣ್ಣನ ಕೈ ನೋಡ್ರಿ, ಜೀವಾ ತುಂಬತಾನ" ಎಂದರು. ಭೀಮಪ್ಪ ಕಂಬಳಿ ಸರಿಸಿ ಮುಂದೆ ಬಾಗಿದರು. ಎಡಗಣ್ಣಿನ ಆ ಸಂದಿಯಲ್ಲಿ ಮುಖವನ್ನು ಹಿಡಿಯಲು ತಲೆಯನ್ನು ಅತ್ತ ಇತ್ತ, ಮೇಲೆ ಕೆಳಗೆ ಮೆಲ್ಲಗೆ ಆಡಿಸಿದರು. ಬಹಳ ಹೊತ್ತು ನೋಡಿದರು.

"ಇವ ಯಾರು?" ಎಂದು ಕೇಳಿದರು.

ಆ ಕ್ಷಣಕ್ಕೆ ನನಗೆ ಎಲ್ಲ ತಿಳಿಯಿತು. ನಗುವಾಗ ಅವನ ಕಣ್ಣು ಮುಚ್ಚಿದ್ದವು. ಸತ್ತವರ ಕಣ್ಣು ಮುಚ್ಚಿರುವುದನ್ನಷ್ಟೇ ನೋಡಿದ್ದ ನಾನು ನಗುತ್ತಿದ್ದವನ ಕಣ್ಣು ತೆರೆಸಿದ್ದೆ. ಬೆಲ್ಲದ ಬಾಗೇವಾಡಿಯ ಯಾವುದೋ ಹಿರಿಯರು ಟೊಪ್ಪಿಗೆ ಹಾಕಿಕೊಂಡು, ಕುರಿಮರಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ನೆಗೆಟಿವಿಗೆ ನಾನು ಕೈ ಹಚ್ಚಿರಲಿಲ್ಲ, ಅದು ಒಳಗಿನ ಕೋಣೆಯಲ್ಲಿ ಹಾಗೇ ಇತ್ತು. ಒಂದು ತಾಸಿನಲ್ಲಿ ಇನ್ನೊಂದು ಪ್ರಿಂಟ್ ತೆಗೆದುಕೊಡಬಹುದಿತ್ತು. ಆದರೆ ನಾಲ್ಕು ಮಂದಿ ನೋಡುತ್ತಿದ್ದಾರೆ, ಮಾಲಕರು ಈಗಷ್ಟೇ ಹೊಗಳಿದ್ದಾರೆ. ನನ್ನ ಬಾಯಿಂದ ಬಂದದ್ದು ಬೇರೆ.

"ತೋನೀನರಿ, ಕಾಕಾರ. ಮತ್ತ್ಯಾರು?"

"ಇವ ನಗಾಕತ್ತಿಲ್ಲಲ್ಲೋ ತಮ್ಮಾ."

"ಸಣ್ಣದಿದ್ದಾಗ ನಕ್ಕಂಗ ಅನಸತಿತ್ತು, ದೊಡ್ಡದ ಮಾಡಿದ ಮ್ಯಾಲ ಖರೆ ಏನೈತಿ ಅದು ಕಾಣತೈತ್ರಿ. ನಲವತ್ತ ವರ್ಷ ಆತಲ್ರಿ. ನಿಮಗ ಮರ್ತಿರಬೇಕು."

ಅವರು ಇನ್ನೊಮ್ಮೆ ಬಾಗಿ ನೋಡಿದರು. ನಾನು ಅವರ ಮುಖ ನೋಡಲಿಲ್ಲ, ಕಾಲು ನೋಡುತ್ತಿದ್ದೆ.

"ಹಂಗಾರ ನನಗ ಮರ್ತೈತಿ," ಎಂದರು. "ಅವ ನಕ್ಕಿದ್ದಿಲ್ಲ ಹಂಗಾರ."

ನೀಲವ್ವ ಫೋಟೋವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು. ಅವರು ಹೋದ ಮೇಲೆ ಮಾಲಕರು "ಪಾಪ, ವಯಸ್ಸಾತು" ಎಂದು ಬಾಂಕಿನ ಮೇಲಿದ್ದ ಗಿರಾಕಿಯನ್ನು ಕರೆದರು.

ಮರೆತುಬಿಡುತ್ತೇನೆ ಎಂದುಕೊಂಡೆ, ಮರೆತೂ ಇದ್ದೆ. ಮಹಾನವಮಿಯಲ್ಲಿ ಆಯುಧ ಪೂಜೆಗೆಂದು ನೆಗೆಟಿವಿನ ಪೆಟ್ಟಿಗೆಗಳನ್ನು ಸ್ವಚ್ಛ ಮಾಡುವಾಗ ಅದು ಕೈಗೆ ಬಂತು. ಬೆಳಕಿಗೆ ಹಿಡಿದೆ. ನೆಗೆಟಿವಿನಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಮುಖವೇ ತಲೆಕೆಳಗು. ಹಾಗಿದ್ದರೂ ಅವನು ನಗುತ್ತಿದ್ದ. ಅಂದೇ ಒಂದು ಪ್ರಿಂಟ್ ತೆಗೆದೆ, ಕುಂಚ ಮುಟ್ಟಲಿಲ್ಲ. ಅಂದೇ ಹೋಗಬೇಕಿತ್ತು. ದೀಪಾವಳಿ ಮುಗಿಯಲಿ ಎಂದೆ. ಆಮೇಲೆ ಮದುವೆಯ ಸುಗ್ಗಿ ಮುಗಿಯಲಿ ಎಂದೆ. ಖರೆ ಹೇಳಬೇಕೆಂದರೆ ನನಗೆ ಹೆದರಿಕೆ. ಸಂಕ್ರಾಂತಿ ದಾಟಿದ ಮೇಲೆ ಒಂದು ಮುಂಜಾನೆ ಮಾಲಕರಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿ, ಎರಡು ಬಸ್ಸು ಬದಲಿಸಿ ಮಸಗುಪ್ಪಿಗೆ ಹೋದೆ.

ಭೀಮಪ್ಪ ಕಟ್ಟೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದರು. ನಾನು ಎದುರಿಗೆ ಬಂದು ನಿಂತರೂ ಮುಖ ತಿರುಗಿಸಲಿಲ್ಲ. ನೀಲವ್ವ ನನ್ನನ್ನು ನೋಡಿ ಗುರುತು ಹಿಡಿದಳು, ಒಳಗಿನಿಂದ ನೀರು ತಂದು ಕೊಟ್ಟಳು, ದನಿ ಇಳಿಸಿ ಹೇಳಿದಳು.

"ದೀಪಾವಳಿ ಮುಂದಿನ ಛಟ್ಟಿ ಅಮಾಸಿ ಸನೇಕ ಉಳದ ಆ ಕಣ್ಣೂ ಹೋತರಿ ಅಣ್ಣಾರ. ನೀವು ಕೊಟ್ಟ ಫೋಟೋ ಗ್ವಾಡಿಗಿ ಹಾಕಾಕ ಬಿಡಲಿಲ್ಲ. ಬೋರಲ ಇಡಿಸ್ಯಾನ. ನಾ ಮರ್ತೇನಿ, ಅಂಥಾ ಮನಶ್ಯಾನ ಮಾರಿನ ಮರ್ತೇನಿ ಅಂತ ಒಂದ ಸವನ ಅಂತಿದ್ದ. ಈಗೀಗ ಅದನ್ನೂ ಅನ್ನೂದ ಬಿಟ್ಟಾನ."

ಕಂಕುಳಲ್ಲಿದ್ದ ಹೊಸ ಪ್ರಿಂಟು ಒಂದು ಮಣ ಭಾರವಾಯಿತು. ತಿರುಗಿ ಹೋಗಿಬಿಡಲೇ ಎಂದು ಖರೆಯಾಗಿಯೂ ಅನಿಸಿತು. ಆದರೆ ಅಷ್ಟರಲ್ಲಿ ಅವರಿಗೆ ಯಾರೋ ಬಂದದ್ದು ತಿಳಿದಿತ್ತು.

"ಯಾರ ಬಂದಾರವಾ?"

"ನಾನರಿ ಕಾಕಾರ, ಘಟಪ್ರಭಾದ ಫೋಟೋದಾಂವ. ಈರಣ್ಣ." ಕಟ್ಟೆಯ ಕೆಳಗೆ ನೆಲದ ಮೇಲೇ ಕೂತೆ. "ನಾ ಸುಳ್ಳ ಹೇಳಿದ್ದೆರಿ. ಆ ಮಾರಿ ತೋನೀದಲ್ಲ. ನಾ ಬರದದ್ದು. ಕಣ್ಣ ನಾ ತೆರಸಿದ್ದು, ಬಾಯಿ ನಾ ಮುಚ್ಚಿಸಿದ್ದು. ಅವ ನಗಾಕತ್ತಿದ್ದರಿ. ನಿಮಗೇನೂ ಮರ್ತಿಲ್ಲ."

ಬೈಯುತ್ತಾರೆ, ಕೈಯಲ್ಲಿದ್ದ ಬಡಿಗೆ ಎತ್ತುತ್ತಾರೆ ಎಂದು ತಲೆ ತಗ್ಗಿಸಿದೆ. ಎತ್ತಿದ್ದರೆ ಇವತ್ತು ಇಷ್ಟು ಬರೆಯುವ ಕಾರಣ ಇರುತ್ತಿರಲಿಲ್ಲ.

"ನಕ್ಕಿದ್ದನೋ?"

"ನಕ್ಕಿದ್ದರಿ. ಕಣ್ಣ ಪೂರಾ ಮುಚ್ಚಿದ್ದುವು."

"ಮುಂದಿಂದೊಂದು ಹಲ್ಲ ಇದ್ದಿದ್ದಿಲ್ಲ?"

"ಇದ್ದಿದ್ದಿಲ್ಲರಿ."

"ನೀಲವ್ವಾ!" ಎಂದು ಆ ಮನುಷ್ಯ ಕೂಗಿದ ಕೂಗಿಗೆ ಓಣಿಯವರು ತಿರುಗಿ ನೋಡಿದರು. "ನೀಲವ್ವಾ, ಬಾರವಾ ಇಲ್ಲಿ! ನಾ ಮರ್ತಿದ್ದಿಲ್ಲ! ಅವ ನಕ್ಕಿದ್ದ, ಖರೇನ ನಕ್ಕಿದ್ದ!" ಬಡಿಗೆ ಬಿಟ್ಟು ಎರಡೂ ಕೈಯಿಂದ ತೊಡೆ ಬಡಿದುಕೊಂಡು ನಕ್ಕರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ನೀಲವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೂ ಎದೆ ಹಗುರವಾಯಿತು. ಕ್ಷಮೆ ಸಿಕ್ಕಿತು ಎಂದೇ ತಿಳಿದೆ, ಮುಟ್ಟಾಳ.

ಹೊಸ ಪ್ರಿಂಟನ್ನು ಬಿಚ್ಚಿ ಅವರ ತೊಡೆಯ ಮೇಲಿಟ್ಟೆ. "ಇದಕ್ಕ ನಾ ಏನೂ ಮಾಡಿಲ್ಲರಿ, ಇದ್ದಂಗ ಐತಿ," ಎಂದೆ. ಅವರ ನಗು ಮೆಲ್ಲಗೆ ನಿಂತಿತು. ಹಾಳೆಯ ಅಂಚು ಹಿಡಿದು, ಉದ್ದ ಅಗಲ ಮುಟ್ಟಿ ನೋಡಿದರು, ನಡುವಿಗೆ ಅಂಗೈ ತಂದು ಸವರಿದರು. ನುಣ್ಣಗಿನ ಹಾಳೆ, ಬೆರಳಿಗೆ ಏನು ಸಿಗಬೇಕು?

"ಇದನ್ನ ಯಾವಾಗ ತಗದಿ?"

"ಮಾನೌಮಿಗೆ ತಗದೆರಿ."

"ಆವತ್ತ ಅಂಗಡ್ಯಾಗ ತಗದಕೊಡಾಕ ಬರತಿದ್ದಿಲ್ಲೇನು?"

ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ಬರತಿತ್ತರಿ," ಎಂದೆ. "ಒಂದ ತಾಸಿನ ಕೆಲಸ."

ಅವರು ಫೋಟೋವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು, ನಾನು ಕೂತ ಕಡೆಗೆ ಮುಖ ತಿರುಗಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಆವತ್ತ ನನಗ ಒಂದ ಕಣ್ಣ ಇತ್ತಲ್ಲೋ, ತಮ್ಮಾ."